ಗಡಿ ಸರಿಯಿತು, ಕೋಟೆ ಉಳಿಯಿತು

ಶಿವಮೊಗ್ಗದಲ್ಲಿ ಕೋಟೆ ರಸ್ತೆ ಇದೆ. ಕೋಟೆ ಆಂಜನೇಯನ ದೇವಸ್ಥಾನ ಇದೆ. ತುಂಗೆಯ ದಡದಲ್ಲಿ ಶಿವಪ್ಪನಾಯಕನ ಹೆಸರು ಹೊತ್ತ ಅರಮನೆ ಇದೆ. ಊರಿನ ಇನ್ನೊಂದು ತುದಿಯ ನವುಲೆಯಲ್ಲಿರುವ ಕೃಷಿ ಕಾಲೇಜು ಸೇರಿರುವ ವಿಶ್ವವಿದ್ಯಾಲಯಕ್ಕೂ ಈಗ ಅದೇ ದೊರೆಯ ಹೆಸರು. ಆದರೆ ಕೋಟೆಯ ಗೋಡೆ ಎಲ್ಲಿ ಎಂದು ಹುಡುಕಿ ಹೊರಟವರಿಗೆ ಸಿಗುವುದು ಅತಿ ಕಡಿಮೆ. ಹೆಸರು ಉಳಿದಿದೆ, ಕಲ್ಲು ಕರಗಿದೆ.

ನಗರದಿಂದ ಪಶ್ಚಿಮಕ್ಕೆ ಹೊರಟರೆ ಪರಿಸ್ಥಿತಿ ತಿರುವುಮುರುವು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ, ಹೊಸನಗರ ತಾಲ್ಲೂಕಿನ ನಗರದಲ್ಲಿ ಕಲ್ಲು ಉಳಿದಿದೆ. ಅದು ಯಾರ ವಿರುದ್ಧ, ಯಾವ ಗಡಿಯನ್ನು ಕಾಯಲು ಕಟ್ಟಿದ್ದು ಎಂಬ ನೆನಪು ಕರಗಿದೆ. ಮಳೆಗಾಲದ ಹಸಿರು ನೋಡಲು, ಛಾಯಾಚಿತ್ರ ತೆಗೆಯಲು ಬರುವ ಪ್ರವಾಸಿಗೆ ಇವು ಸುಂದರ ಅವಶೇಷಗಳು. ಒಂದು ಕಾಲದಲ್ಲಿ ಇವು ಒಂದಕ್ಕೊಂದು ಹೆಣೆದುಕೊಂಡಿದ್ದ ರಕ್ಷಣಾ ಸಾಲಿನ ಕೊಂಡಿಗಳು ಎಂಬುದು ಆತನಿಗೆ ತಿಳಿಯುವುದಿಲ್ಲ.

ಇಷ್ಟೊಂದು ಕೋಟೆಗಳನ್ನು ಕಟ್ಟಿದ ಕೆಳದಿ ಅರಸರ ರಾಜ್ಯ ಉಳಿಯಲಿಲ್ಲ ಏಕೆ? ಕಟ್ಟಿದ ಕೋಟೆಗಳು ಯಾವ ಕಾರಣಕ್ಕೆ ಪಾಳುಬಿದ್ದವು? ಉತ್ತರ ಹುಡುಕುವಾಗ ನಮ್ಮ ಮಲೆನಾಡನ್ನು ಮಾತ್ರ ನೋಡಿದರೆ ಸಾಲದು. ಕಳೆದ ಶತಮಾನದ ಮಹಾಯುದ್ಧದಲ್ಲಿ ಯೂರೋಪಿನ ಬಲಿಷ್ಠ ರಾಷ್ಟ್ರಗಳು ಕಟ್ಟಿದ ಕಾಂಕ್ರೀಟ್ ಕೋಟೆಗಳಿಗೆ ಆದ ಗತಿಯನ್ನೂ ನೋಡಬೇಕಾಗುತ್ತದೆ. ಎರಡು ಕಥೆಗಳೂ ಅಚ್ಚರಿಯೆನಿಸುವಷ್ಟು ಹತ್ತಿರ ಇವೆ.

ಮುಗಿಯದೆ ಉಳಿದ ಬಂಕರ್ ಸಾಲು

ಮೊದಲನೆಯ ಮಹಾಯುದ್ಧದ ನಂತರ ಯೂರೋಪಿನ ಹಲವು ದೇಶಗಳು ತಮ್ಮ ಗಡಿಗಳಲ್ಲಿ ಕಾಂಕ್ರೀಟ್ ಮತ್ತು ಉಕ್ಕಿನ ಬಂಕರ್‌ಗಳನ್ನು ಕಟ್ಟತೊಡಗಿದವು. ಬಂಕರ್ ಎಂದರೆ ಅರ್ಧ ನೆಲದೊಳಗೆ ಹುದುಗಿದ, ಫಿರಂಗಿ ಅಥವಾ ಮೆಷಿನ್‌ಗನ್ ಇರಿಸಲು ಕಿಂಡಿ ಬಿಟ್ಟ ದಪ್ಪ ಗೋಡೆಯ ಕೋಣೆ. ಫ್ರಾನ್ಸ್ ಜರ್ಮನಿಯ ಗಡಿಯುದ್ದಕ್ಕೂ ಮ್ಯಾಜಿನೋ ಸಾಲನ್ನು ಕಟ್ಟಿತು. ಸೋವಿಯತ್ ಒಕ್ಕೂಟ ತನ್ನ ಪಶ್ಚಿಮ ಗಡಿಯಲ್ಲಿ ಕಟ್ಟಿದ್ದು 'ಸ್ಟಾಲಿನ್ ಸಾಲು' ಎಂದು ಹೆಸರಾಯಿತು.

1939ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟಗಳು ಪೋಲೆಂಡನ್ನು ಹಂಚಿಕೊಂಡವು. ಸೋವಿಯತ್ ಗಡಿ ಒಮ್ಮೆಲೇ ಪಶ್ಚಿಮಕ್ಕೆ ಸರಿಯಿತು. ವರ್ಷಗಟ್ಟಲೆ ದುಡಿದು ಕಟ್ಟಿದ ಸ್ಟಾಲಿನ್ ಸಾಲು ಗಡಿಯಿಂದ ಬಹುದೂರ ಒಳಗೆ ಉಳಿದುಬಿಟ್ಟಿತು. ಅಲ್ಲಿನ ಶಸ್ತ್ರಗಳನ್ನು ಕಿತ್ತು ತೆಗೆದು, 1940ರಿಂದ ಹೊಸ ಗಡಿಯಲ್ಲಿ ಇನ್ನೊಂದು ಸಾಲನ್ನು ಕಟ್ಟುವ ಕೆಲಸ ಆರಂಭವಾಯಿತು. ಅದಕ್ಕೆ ಅಂದಿನ ವಿದೇಶಾಂಗ ಮಂತ್ರಿಯ ಹೆಸರಿನಿಂದ 'ಮೊಲೊಟೊವ್ ಸಾಲು' ಎಂಬ ಹೆಸರು ಬಂತು. ಬಾಲ್ಟಿಕ್ ಸಮುದ್ರದಿಂದ ಕಾರ್ಪೇಥಿಯನ್ ಪರ್ವತದವರೆಗೆ ಅದು ಹಬ್ಬಬೇಕಿತ್ತು.

1941ರ ಜೂನ್ 22ರಂದು ಜರ್ಮನಿ ದಾಳಿ ಮಾಡಿದಾಗ ಕೆಲಸ ಅರ್ಧದಲ್ಲಿತ್ತು. ಆಗ ಸೋವಿಯತ್ ಸೇನೆಯ ಜನರಲ್ ಸ್ಟಾಫ್‌ನ ಮುಖ್ಯಸ್ಥರಾಗಿದ್ದ ಝುಕೋವ್ ಅವರು ತಮ್ಮ ನೆನಪುಗಳಲ್ಲಿ ಕೊಡುವ ಲೆಕ್ಕದಂತೆ, ಕಟ್ಟಿ ಮುಗಿದಿದ್ದ ಕಾಂಕ್ರೀಟ್ ಕಟ್ಟಡಗಳು ಸುಮಾರು 2500. ಅವುಗಳಲ್ಲಿ ಫಿರಂಗಿ ಇದ್ದುದು ಸುಮಾರು 1000ದಲ್ಲಿ ಮಾತ್ರ. ಉಳಿದವುಗಳಲ್ಲಿ ಬರಿಯ ಮೆಷಿನ್‌ಗನ್. ಹಳೆಯ ಸಾಲು ಬರಿದಾಗಿತ್ತು, ಹೊಸ ಸಾಲು ಮುಗಿದಿರಲಿಲ್ಲ. ಬ್ರೆಸ್ಟ್ ಸುತ್ತಮುತ್ತಲಿನ ಕೆಲವು ಬಂಕರ್‌ಗಳಲ್ಲಿ ಸೈನಿಕರು ದಿನಗಟ್ಟಲೆ ಕಾದಾಡಿದರಾದರೂ ಜರ್ಮನ್ ಸೇನೆ ಸಾಲನ್ನು ಸೀಳಿಕೊಂಡು ಮುಂದೆ ಹೋಯಿತು. ಆ ಬಂಕರ್‌ಗಳು ಇಂದು ಪೋಲೆಂಡ್, ಲಿಥುವೇನಿಯಾ, ಬೆಲಾರೂಸ್ ಮತ್ತು ಉಕ್ರೇನ್‌ಗಳ ಕಾಡು-ಹೊಲಗಳಲ್ಲಿ ಪಾಚಿಗಟ್ಟಿ ನಿಂತಿವೆ. ಅವುಗಳನ್ನು ಕಟ್ಟಿಸಿದ ದೇಶ 1991ರಲ್ಲಿ ಇಲ್ಲವಾಯಿತು; ಅವು ಕಾಯಬೇಕಿದ್ದ ಗಡಿಯೂ ಈಗಿಲ್ಲ.

ಮ್ಯಾಜಿನೋ ಸಾಲಿನ ಕಥೆ ಇನ್ನೊಂದು ಬಗೆಯದು. ಅದು ಬಹುಮಟ್ಟಿಗೆ ಮುಗಿದಿತ್ತು, ಬಲವಾಗಿಯೂ ಇತ್ತು. ಆದರೆ ಉತ್ತರದ ಆರ್ಡೆನ್ ಕಾಡು ತಾನೇ ಒಂದು ಕೋಟೆ, ಅದರೊಳಗಿಂದ ದೊಡ್ಡ ಸೇನೆ ಬರಲಾರದು ಎಂಬ ನಂಬಿಕೆಯಿಂದ ಅಲ್ಲಿ ಕಾವಲು ತೆಳ್ಳಗಿತ್ತು. 1940ರ ಮೇ ತಿಂಗಳಲ್ಲಿ ಜರ್ಮನ್ ಟ್ಯಾಂಕುಗಳು ಆ ಕಾಡಿನಿಂದಲೇ ಬಂದವು.

ಗಡಿ ಸರಿದು ಬರಿದಾದ ಕೋಟೆ, ಕಾಡನ್ನು ನಂಬಿ ಕೆಟ್ಟ ಕೋಟೆ - ಈ ಎರಡನ್ನೂ ಮಲೆನಾಡು 18ನೇ ಶತಮಾನದಲ್ಲೇ ಕಂಡಿತ್ತು.

ಬಿದಿರಿನ ಗೋಡೆ

ಕೆಳದಿ ಅರಸರ ರಾಜಧಾನಿ ಎರಡು ಸಲ ಸ್ಥಳ ಬದಲಿಸಿತು. ಸುಮಾರು 1500ರ ಹೊತ್ತಿಗೆ ಸಾಗರದ ಬಳಿಯ ಕೆಳದಿಯಲ್ಲಿ ಆರಂಭವಾದ ಆಳ್ವಿಕೆ ಕೆಲವೇ ದಶಕಗಳಲ್ಲಿ ಹತ್ತಿರದ ಇಕ್ಕೇರಿಗೆ ಬಂತು. 1623ರಲ್ಲಿ ವೆಂಕಟಪ್ಪನಾಯಕನ ಕಾಲದಲ್ಲಿ, ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಇಕ್ಕೇರಿಯ ರಕ್ಷಣೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಊರಿಗೆ ಮೂರು ಸುತ್ತು ಆವರಣ. ಒಳಗಿನ ಗೋಡೆಗಳು ಆತನ ಕಣ್ಣಿಗೆ ಅಷ್ಟೇನೂ ಬಲವಾಗಿ ಕಾಣಲಿಲ್ಲ. ಆತನನ್ನು ಸೆಳೆದದ್ದು ಎಲ್ಲಕ್ಕಿಂತ ಹೊರಗಿನ ಸುತ್ತು. ಅದು ಗೋಡೆಯೇ ಅಲ್ಲ. ಒತ್ತೊತ್ತಾಗಿ ನೆಟ್ಟು ಎತ್ತರಕ್ಕೆ ಬೆಳೆಸಿದ ಬಿದಿರು. ಕಾಲಾಳಾಗಲಿ ಕುದುರೆಯಾಗಲಿ ಅದನ್ನು ನುಗ್ಗಿ ಬರುವುದು ಕಷ್ಟ, ಕಡಿಯುವುದು ಕಷ್ಟ, ಬೆಂಕಿಗೂ ಸುಲಭವಾಗಿ ಸಿಗದು ಎಂದು ಆತ ಗಮನಿಸಿದ.

ಮಲೆನಾಡಿನ ರಕ್ಷಣೆಯ ಗುಟ್ಟು ಇದರಲ್ಲಿದೆ. ಇಲ್ಲಿ ಕೋಟೆ ಎಂದರೆ ಕಲ್ಲಿನ ಗೋಡೆಯಷ್ಟೇ ಅಲ್ಲ. ಕಾಡು, ಬಿದಿರು ಮೆಳೆ, ಹೊಳೆ, ಘಟ್ಟದ ಇಕ್ಕಟ್ಟು ದಾರಿ, ದಾರಿಯ ಬಾಯಲ್ಲಿ ಒಂದು ಉಕ್ಕಡ - ಇಷ್ಟೂ ಸೇರಿದರೆ ಕೋಟೆ. ಉಕ್ಕಡ ಎಂದರೆ ಬಂದುಹೋಗುವವರನ್ನು ತಡೆದು ವಿಚಾರಿಸುವ ಕಾವಲು ಠಾಣೆ.

ವೀರಭದ್ರನಾಯಕನ ಕಾಲದಲ್ಲಿ, 1637ರ ಸುಮಾರಿಗೆ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಇಕ್ಕೇರಿಯ ಮೇಲೆ ದಾಳಿ ಮಾಡಿದ. ಬಯಲಿಗೆ ಹತ್ತಿರವಾದ ರಾಜಧಾನಿ ಸುರಕ್ಷಿತವಲ್ಲ ಎಂಬುದು ಸಾಬೀತಾಯಿತು. ಒಂದೆರಡು ವರ್ಷಗಳಲ್ಲಿ ರಾಜಧಾನಿ ಘಟ್ಟದ ಅಂಚಿನ ಬಿದನೂರಿಗೆ ಹೋಯಿತು. ಬಿದಿರಿನ ಊರು ಎಂಬುದರಿಂದಲೇ ಆ ಹೆಸರು, ಸಂಸ್ಕೃತದಲ್ಲಿ ವೇಣುಪುರ. ಅದೇ ಇಂದಿನ ನಗರ.

ಜಾಗದ ಆಯ್ಕೆ ಜಾಣತನದ್ದು. ಮೂಡಲಿನಿಂದ ಬರುವ ಕುದುರೆ ಸೈನ್ಯಕ್ಕೆ ದಟ್ಟ ಕಾಡು ಅಡ್ಡ. ಪಡುವಲಿಗೆ ಘಟ್ಟ ಇಳಿದರೆ ಕುಂದಾಪುರ, ಬಸ್ರೂರುಗಳ ಬಂದರು. ಮೆಣಸು, ಅಕ್ಕಿ, ಅಡಿಕೆ ಇಳಿಯುವ ದಾರಿಯ ತಲೆಬಾಗಿಲಲ್ಲೇ ರಾಜಧಾನಿ ಕುಳಿತಿತ್ತು. ಗುಡ್ಡಗಳ ನಡುವೆ ಹರಡಿದ್ದ ಊರಿನ ಸುತ್ತಳತೆ 8 ಮೈಲಿ ಎಂದು ಹೇಳಲಾಗಿದೆ. ಹೊರಗೆ ದಾರಿಗಳು ಬಂದು ಸೇರುವ ಕಡೆಗಳಲ್ಲಿ ತಡೆಗೋಡೆ, ಬಾಗಿಲು, ಕಾವಲು. ನಡುವೆ ಗುಡ್ಡದ ಮೇಲೆ ಕಂದಕ ಸುತ್ತಿದ ಕಲ್ಲಿನ ಕೋಟೆ. ದಕ್ಷಿಣಕ್ಕೆ ಕವಲೇದುರ್ಗ ಕಣ್ಗಾವಲಾಗಿ ನಿಂತಿತ್ತು. ಭುವನಗಿರಿ ದುರ್ಗ ಎಂಬ ಹೆಸರಿನ ಆ ಬೆಟ್ಟಕ್ಕೆ 'ಕಾವಲು ದುರ್ಗ' ಎಂಬ ಮಾತೇ ಸವೆದು ಕವಲೇದುರ್ಗ ಎಂಬ ಹೆಸರು ಬಂತು ಎನ್ನುವುದುಂಟು. ಬೆಟ್ಟದ ಏರಿಳಿತವನ್ನೇ ಅನುಸರಿಸಿ ಸುತ್ತುಸುತ್ತಾಗಿ ಏರುವ ಅದರ ಗೋಡೆ, ಪ್ರತಿ ಬಾಗಿಲಿನ ಒಳಬದಿಯ ಕಾವಲು ಕಟ್ಟೆಗಳನ್ನು ನೋಡಿದರೆ ಆ ಮಾತು ಒಪ್ಪುವಂತೆಯೇ ಇದೆ.

ಕಡಲಂಚಿನ ಕಿಂಡಿಗಳು

1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ ಈ ವ್ಯವಸ್ಥೆಯನ್ನು ಕಡಲಿನವರೆಗೆ ಚಾಚಿದ. ಕಂದಾಯದ 'ಶಿಸ್ತು' ತಂದವನೆಂದು ಆತನನ್ನು ನಾಡು ನೆನೆಯುತ್ತದೆ. ಆದರೆ ಶಿಸ್ತಿನ ಹಣ ಹೋದದ್ದು ಎಲ್ಲಿಗೆ ಎಂದು ಕೇಳಿದರೆ ಉತ್ತರದ ಒಂದು ಭಾಗ ಕೋಟೆಗಳಲ್ಲಿದೆ. 1652ರಿಂದ 1654ರ ಒಳಗೆ ಪೋರ್ಚುಗೀಸರ ಕೈಯಲ್ಲಿದ್ದ ಗಂಗೊಳ್ಳಿ, ಬಸ್ರೂರು, ಹೊನ್ನಾವರ, ಮಂಗಳೂರುಗಳನ್ನು ಆತ ಬಿಡಿಸಿಕೊಂಡ. ರಾಜ್ಯದ ದಕ್ಷಿಣ ತುದಿ ಇಂದಿನ ಕಾಸರಗೋಡು ಜಿಲ್ಲೆಯವರೆಗೆ ಹೋಯಿತು. ಚಂದ್ರಗಿರಿ, ಬೇಕಲ ಕೋಟೆಗಳು ಆತನವೆಂದು ಪ್ರತೀತಿ. ಇನ್ನೂ ದಕ್ಷಿಣದ ಹೊಸದುರ್ಗ, ಅಂದರೆ ಇಂದಿನ ಕಾಞಂಗಾಡು, ಎರಡನೆಯ ಸೋಮಶೇಖರನಾಯಕನ ಕಾಲದ್ದು.

ಇವುಗಳಲ್ಲಿ ಬೇಕಲ ಕೋಟೆಯನ್ನು ನೋಡಿದವರಿಗೆ ಗಡಿ ಕೋಟೆಯ ತಂತ್ರ ಚೆನ್ನಾಗಿ ಅರ್ಥವಾಗುತ್ತದೆ. ಸುಮಾರು 40 ಎಕರೆ ವಿಸ್ತಾರದ, ಜಂಬಿಟ್ಟಿಗೆಯ ಈ ಕೋಟೆ ಮೂರು ಕಡೆ ಕಡಲಿಗೆ ಚಾಚಿಕೊಂಡಿದೆ. ಅದರ ಗೋಡೆಯ ಕಿಂಡಿಗಳನ್ನು ಬೇರೆ ಬೇರೆ ಕೋನಗಳಲ್ಲಿ ಕೊರೆಯಲಾಗಿದೆ. ಮೇಲಿನ ಕಿಂಡಿಯಿಂದ ದೂರದ ಗುರಿ, ಅದರ ಕೆಳಗಿನದರಿಂದ ಹತ್ತಿರ ಬಂದ ಶತ್ರು, ತಳದ ಕಿಂಡಿಯಿಂದ ಗೋಡೆಯ ಬುಡಕ್ಕೇ ಬಂದವನು. ಮೂರು ಶತಮಾನಗಳ ನಂತರ ಯೂರೋಪಿನ ಎಂಜಿನಿಯರುಗಳು ಬಂಕರಿನ ಕಿಂಡಿಗೆ ಕೋನ ಲೆಕ್ಕ ಹಾಕುವಾಗ ಎದುರಿಸಿದ್ದೂ ಇದೇ ಸಮಸ್ಯೆಯನ್ನು: ಒಳಗಿದ್ದವನಿಗೆ ಹೊರಗೆಲ್ಲ ಕಾಣಬೇಕು, ಹೊರಗಿದ್ದವನಿಗೆ ಒಳಗೆ ಏನೂ ಕಾಣಬಾರದು.

ಕೋಟೆ ಕಟ್ಟಿದರಾಯಿತೇ? ಅದರೊಳಗೆ ನಿಲ್ಲಲು ಜನ ಬೇಕು. ಈ ದಕ್ಷಿಣದ ಕೋಟೆಗಳ ಕಾವಲಿಗೆ ಕೆಳದಿ ಅರಸರು ಘಟ್ಟದ ಮೇಲಿನಿಂದಲೂ ಕನ್ನಡ ಕರಾವಳಿಯಿಂದಲೂ ಜನರನ್ನು ಕರೆತಂದು ನೆಲೆಗೊಳಿಸಿದರು. ಕೋಟೆಗಾರ, ಕೋಟೆಯವರು ಎಂದು ಕರೆಸಿಕೊಳ್ಳುತ್ತಿದ್ದ ರಾಮಕ್ಷತ್ರಿಯ ಸಮುದಾಯದ ಕುಟುಂಬಗಳು ಇಂದಿಗೂ ಬೇಕಲ, ಹೊಸದುರ್ಗದ ಸುತ್ತ ಇವೆ. ಅರಸು ಹೋಯಿತು, ಕಾವಲಿನ ಕೆಲಸ ಹೋಯಿತು. 1956ರಲ್ಲಿ ಭಾಷಾವಾರು ಪ್ರಾಂತಗಳ ರಚನೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ಕಾಯಲು ಬಂದವರ ಮಕ್ಕಳು ಗಡಿಯ ಆಚೆಗೆ ಉಳಿದರು. ಕಾಸರಗೋಡಿನ ಕನ್ನಡದ ಪ್ರಶ್ನೆಯನ್ನು ಚರ್ಚಿಸುವಾಗ ನಾವು ಹೆಚ್ಚಾಗಿ ಆಯೋಗದ ವರದಿಗಳ ಮಾತಾಡುತ್ತೇವೆ. ಆ ಪ್ರಶ್ನೆಯ ಒಂದು ಬೇರು ಈ ಕೋಟೆಗಳ ಬುಡದಲ್ಲಿದೆ.

ಕುಂಸಿಯ ಸೆರೆಯಾಳು

ಔರಂಗಜೇಬನ ಸೇನೆಗೆ ಹೆದರದೆ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿಯ ಕಾಲದಲ್ಲಿ ಈ ರಕ್ಷಣಾ ವ್ಯವಸ್ಥೆ ತನ್ನ ಕಸುವನ್ನು ತೋರಿಸಿತ್ತು. ಆದರೆ 1763ರಲ್ಲಿ ಹೈದರಾಲಿ ಬಂದಾಗ ಅದೇ ವ್ಯವಸ್ಥೆ ಹೆಚ್ಚು ದಿನ ನಿಲ್ಲಲಿಲ್ಲ. ಕಾರಣ ಕಲ್ಲಿನಲ್ಲಿ ಇರಲಿಲ್ಲ.

ಆಗ ರಾಣಿ ವೀರಮ್ಮಾಜಿಯ ಆಡಳಿತ. ಅರಮನೆಯೊಳಗೆ ಉತ್ತರಾಧಿಕಾರದ ಜಗಳವಿತ್ತು. ಗದ್ದುಗೆ ತನಗೆ ಸೇರಬೇಕೆಂದು ಹೇಳಿಕೊಂಡ ಚೆನ್ನಬಸವನೆಂಬ ಯುವಕ ಚಿತ್ರದುರ್ಗದ ನಾಯಕನ ಮೂಲಕ ಹೈದರನ ಆಶ್ರಯ ಪಡೆದಿದ್ದ. ಅವನನ್ನು ಗದ್ದುಗೆಗೇರಿಸುವ ನೆಪದಲ್ಲಿ ಹೈದರನ ಸೇನೆ ಶಿವಮೊಗ್ಗಕ್ಕೆ, ಅಲ್ಲಿಂದ ಕುಂಸಿಗೆ ಬಂತು. ರಾಣಿಯ ಕಡೆಯಿಂದ ಹಣದ ಸಂಧಾನ ನಡೆಯಿತು. 1 ಲಕ್ಷ ವರಹದಿಂದ ಆರಂಭವಾದ ಮೊತ್ತ ಏರುತ್ತಾ 18 ಲಕ್ಷಕ್ಕೆ ಹೋಯಿತು. ಹೈದರ್ ಒಪ್ಪಲಿಲ್ಲ. ಒಪ್ಪದಿರಲು ಆತನಿಗೆ ಒಂದು ಕಾರಣ ಕುಂಸಿಯಲ್ಲಿ ಸಿಕ್ಕಿತ್ತು.

ಬಿದನೂರಿನ ಮಾಜಿ ಮಂತ್ರಿ ಲಿಂಗಣ್ಣ ಕುಂಸಿಯಲ್ಲಿ ಸೆರೆಯಲ್ಲಿದ್ದ. ರಾಜ್ಯದ ಗುಟ್ಟುಗಳನ್ನೆಲ್ಲ ಬಲ್ಲವನನ್ನು ಅರಮನೆ ಶತ್ರುವಿನ ದಾರಿಯಲ್ಲೇ ಕೂಡಿಹಾಕಿತ್ತು. ಬಿಡುಗಡೆ ಹೊಂದಿದ ಲಿಂಗಣ್ಣ ಹೈದರನಿಗೆ ಕಾಡಿನೊಳಗಿಂದ ನೇರ ಊರೊಳಕ್ಕೆ ಹೋಗುವ ಗುಪ್ತ ದಾರಿಯನ್ನು ತಿಳಿಸಿದ. 1763ರ ಮಾರ್ಚ್‌ನಲ್ಲಿ ಹೈದರ್ ಉತ್ತರದ ತಡೆಬಾಗಿಲಿನ ಮುಂದೆ ದೊಡ್ಡ ಗದ್ದಲದೊಂದಿಗೆ ಸುಳ್ಳು ದಾಳಿ ಮಾಡಿಸಿ, ಆಯ್ದ ಪಡೆಯೊಂದಿಗೆ ಗುಪ್ತ ದಾರಿಯಿಂದ ಒಳಬಂದ. ಕಾವಲಿನ ಜನರೆಲ್ಲ ಬಾಗಿಲಲ್ಲಿದ್ದರು, ಶತ್ರು ಊರೊಳಗಿದ್ದ. ಕಾದಾಟ ಎನ್ನುವಂಥದ್ದು ನಡೆಯಲೇ ಇಲ್ಲ. ಜನ ಮನೆಮಾರು ಬಿಟ್ಟು ಕಾಡಿಗೆ ಓಡಿದರು. ಅರಮನೆಗೆ ಬೆಂಕಿ ಇಡಲು ಹೇಳಿ ರಾಣಿ ಬಲ್ಲಾಳರಾಯನದುರ್ಗದತ್ತ ಹೋದಳು. ಅಲ್ಲಿ ಸೆರೆಸಿಕ್ಕಿ ಮಧುಗಿರಿ ಸೇರಿದಳು. 1767ರಲ್ಲಿ ಮರಾಠರು ಬಿಡಿಸಿದರಾದರೂ ಪುಣೆಯ ದಾರಿಯಲ್ಲಿ ತೀರಿಕೊಂಡಳು. ಹೈದರನಿಗೆ ದಕ್ಕಿದ ಸಂಪತ್ತನ್ನು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡ್ ಎಂದು ಅಂದಾಜಿಸಿದ್ದಾನೆ. ಹೈದರನ ಮುಂದಿನ ಏಳಿಗೆಗೆ ಬಿದನೂರಿನ ಭಂಡಾರವೇ ಬುನಾದಿ ಎಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯ ಇಲ್ಲ.

ಕುಂಸಿ ಇಂದು ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ, ಸುಮಾರು 25 ಕಿ.ಮೀ. ದೂರದಲ್ಲಿ ಸಿಗುವ ಊರು. ರಾಜ್ಯವೊಂದರ ಹಣೆಬರಹ ತಿರುಗಿದ್ದು ಇಲ್ಲಿ ಎಂಬುದು ದಾರಿಹೋಕರಿಗೆ ತಿಳಿಯುವಂತಿಲ್ಲ.

ಹೈದರ್ ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟು ಅದನ್ನೇ ರಾಜಧಾನಿ ಮಾಡಲು ಯೋಚಿಸಿದ. ಹೊಸ ಅರಮನೆಯ ಕೆಲಸ ಹಿಡಿಸಿದ. ಟಂಕಸಾಲೆ, ಆಯುಧಶಾಲೆ ತೆರೆದ. ಆದರೆ ಹಳೆಯ ಅರಮನೆಯ ನೌಕರರು ತನ್ನನ್ನು ಕೊಲ್ಲಲು ಒಳಸಂಚು ನಡೆಸಿದ್ದು ಬಯಲಾಯಿತು. 300ಕ್ಕೂ ಹೆಚ್ಚು ಜನರನ್ನು ಒಂದೇ ದಿನದಲ್ಲಿ ಊರಿನ ಬೇರೆ ಬೇರೆ ಕಡೆ ಗಲ್ಲಿಗೇರಿಸಲಾಯಿತು ಎಂದು ವಿಲ್ಕ್ಸ್ ಬರೆಯುತ್ತಾನೆ. ರಾಜಧಾನಿಯ ಯೋಜನೆ ಯೋಜನೆಯಾಗಿಯೇ ಉಳಿಯಿತು. ಹೈದರನ ಗಡಿಗಳು ಬಲುಬೇಗ ಬಿದನೂರನ್ನು ದಾಟಿ ಮಲಬಾರಿಗೂ ಕೃಷ್ಣಾ ತೀರಕ್ಕೂ ಹೋದವು. ಅಧಿಕಾರದ ಕೇಂದ್ರ ಶ್ರೀರಂಗಪಟ್ಟಣದಲ್ಲೇ ನಿಂತಿತು.

ಒಂದೇ ಕೋಟೆ, ಎರಡು ಶರಣಾಗತಿ

1783ರಲ್ಲಿ ನಗರದ ಕೋಟೆ ನಾಲ್ಕೇ ತಿಂಗಳ ಒಳಗೆ ಎರಡು ಸಲ ಕೈ ಬದಲಿಸಿತು. ಹಿಂದಿನ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡಿದ್ದ. ಸುದ್ದಿ ಸಿಕ್ಕಿದೊಡನೆ ಮುಂಬಯಿಯ ಇಂಗ್ಲಿಷರು ಜನರಲ್ ಮ್ಯಾಥ್ಯೂಸ್‌ನನ್ನು ಬಿದನೂರಿನ ಮೇಲೆ ಕಳುಹಿಸಿದರು. ಹೊನ್ನಾವರ, ಕುಂದಾಪುರಗಳನ್ನು ಹಿಡಿದ ಆತ ಜನವರಿಯ ಕೊನೆಯಲ್ಲಿ ಹೊಸಂಗಡಿ ಘಟ್ಟ ಹತ್ತಿದ. ಘಟ್ಟದ ದಾರಿಯುದ್ದಕ್ಕೂ ಒಂದರ ಮೇಲೊಂದು ಬತೇರಿಗಳು, ತಡೆಗೋಡೆಗಳು, ತುದಿಯಲ್ಲಿ ಹೈದರ್‌ಗಢ. ಇವುಗಳಲ್ಲಿ ಗಟ್ಟಿಯಾಗಿ ನಿಂತು ಕಾದಿದ್ದರೆ ಇಂಗ್ಲಿಷರ ಚಿಕ್ಕ ಪಡೆ ಮೇಲೆ ಬರುವುದು ಕಷ್ಟವಿತ್ತು.

ಮೇಲೆ ನಗರದಲ್ಲಿ ಅಧಿಕಾರಿಯಾಗಿದ್ದವನು ಶೇಖ್ ಅಯಾಜ್. ಹೈದರನಿಗೆ ಮಗನಂತಿದ್ದವನು, ಟಿಪ್ಪುವಿಗೆ ಆತನನ್ನು ಕಂಡರಾಗದು. ವಿಲ್ಕ್ಸ್ ಹೇಳುವ ಪ್ರಕಾರ ಅಯಾಜನಿಗೆ ಓದು ಬರುತ್ತಿರಲಿಲ್ಲ. ಹೈದರ್ ಸತ್ತ ಮೇಲೆ ಹೆದರಿಕೆಯಿಂದ, ಬಂದ ಪತ್ರಗಳನ್ನೆಲ್ಲ ತಾನೇ ಮೊದಲು ಓದಿಸಿ ಕೇಳುತ್ತಿದ್ದ. ಹಾಗೆ ಓದಿಸಿದ ಒಂದು ಪತ್ರದಲ್ಲಿ ಆತನನ್ನು ತೆಗೆದುಹಾಕಿ, ಅಗತ್ಯವಾದರೆ ಕೊಲ್ಲಿ ಎಂಬ ಆಜ್ಞೆ ಇತ್ತಂತೆ. ಅಯಾಜ್ ಕೋಟೆಯನ್ನು ಕಾದಾಟವಿಲ್ಲದೆ ಮ್ಯಾಥ್ಯೂಸ್‌ಗೆ ಒಪ್ಪಿಸಿದ. ಘಟ್ಟದ ಫಿರಂಗಿಗಳಿಗಿಂತ ಒಂದು ಕಾಗದ ಹೆಚ್ಚು ಕೆಲಸ ಮಾಡಿತು.

ಏಪ್ರಿಲ್‌ನಲ್ಲಿ ಟಿಪ್ಪು ದೊಡ್ಡ ಸೇನೆಯೊಂದಿಗೆ ಬಂದ. ಆತ ಈ ಪ್ರದೇಶದ ರಕ್ಷಣಾ ಸಾಲನ್ನು ಅರ್ಥ ಮಾಡಿಕೊಂಡಿದ್ದ. ನೇರವಾಗಿ ನಗರದ ಮೇಲೆ ಬೀಳದೆ ಮೊದಲು ಕವಲೇದುರ್ಗವನ್ನೂ ಹೈದರ್‌ಗಢವನ್ನೂ ಹಿಡಿದು ಕರಾವಳಿಯ ದಾರಿ ಕಡಿದ. ಘಟ್ಟದ ಕೆಳಗಿನಿಂದ ನೆರವು ಬರುವುದು ನಿಂತಿತು. ಏಪ್ರಿಲ್ ಕೊನೆಯಲ್ಲಿ ಮ್ಯಾಥ್ಯೂಸ್ ಶರಣಾಗತಿಗೆ ಒಪ್ಪಿದ. ಅದೇ ವರ್ಷ ಸೆರೆಯಲ್ಲೇ ಸತ್ತ. ಕೋಟೆಯ ಗೋಡೆ ಮೂರು ತಿಂಗಳ ಹಿಂದೆ ಹೇಗಿತ್ತೋ ಈಗಲೂ ಹಾಗೇ ಇತ್ತು. ಬದಲಾದದ್ದು ಸುತ್ತಲಿನ ಕೊಂಡಿಗಳು ಯಾರ ಕೈಯಲ್ಲಿದ್ದವು ಎಂಬುದು ಮಾತ್ರ.

ಶಿವಮೊಗ್ಗದ ಸರದಿ ಬಂದದ್ದು 1791ರ ಡಿಸೆಂಬರ್ 29ರಂದು. ಮೂರನೆಯ ಮೈಸೂರು ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠಾ ಸೇನೆ ಮತ್ತು ಕ್ಯಾಪ್ಟನ್ ಲಿಟ್ಲ್‌ನ ಇಂಗ್ಲಿಷ್ ತುಕಡಿ ಬಂದಾಗ ಟಿಪ್ಪುವಿನ ಸೇನಾಪತಿ ರಜಾ ಸಾಹೇಬ್ ಕೋಟೆಯೊಳಗೆ ಕೂರದೆ ಹೊರಗೆ ಕಾಡು ಮತ್ತು ಹೊಳೆಯ ನಡುವೆ ಪಡೆ ನಿಲ್ಲಿಸಿದ್ದ. ಕಾಡಿನಲ್ಲಿ ನಡೆದ ಕಠಿಣ ಕಾಳಗದಲ್ಲಿ ಆತನ ಪಡೆ ಸೋತಿತು. ಹೊರಗಿನ ಪಡೆ ಚದುರಿದ ಮೇಲೆ ಕೋಟೆ ಕೆಲವೇ ದಿನಗಳಲ್ಲಿ, 1792ರ ಆರಂಭದಲ್ಲಿ, ಶರಣಾಯಿತು. ಇಂದು ಕೋಟೆ ರಸ್ತೆಯಲ್ಲಿ ಓಡಾಡುವವರಲ್ಲಿ ಈ ಕಾಳಗದ ಹೆಸರು ಕೇಳಿದವರು ವಿರಳ.

ನಕ್ಷತ್ರ ಕೋಟೆಯ ಏಳು ವರ್ಷ

ಹಳೆಯ ಕೋಟೆಗಳು ಹೊಸ ಫಿರಂಗಿಗಳಿಗೆ ಸಾಲವೆಂದು ಟಿಪ್ಪು ಕಂಡುಕೊಂಡಿದ್ದ. ಮಲೆನಾಡಿನ ದಕ್ಷಿಣಕ್ಕೆ, ಮಂಗಳೂರಿನ ದಾರಿ ಘಟ್ಟ ಹತ್ತುವ ಸಕಲೇಶಪುರದ ಬಳಿ ಆತ ಕಟ್ಟಿಸಿದ ಮಂಜರಾಬಾದ್ ಕೋಟೆ ಅದಕ್ಕೆ ಸಾಕ್ಷಿ. ಫ್ರಾನ್ಸಿನ 14ನೇ ಲೂಯಿಯ ಎಂಜಿನಿಯರ್ ವೋಬಾನ್ ರೂಢಿಗೆ ತಂದ ಮಾದರಿಯ ಎಂಟು ಮೂಲೆಗಳ ನಕ್ಷತ್ರ ಅದು. ದುಂಡು ಬುರುಜಿನ ಬುಡಕ್ಕೆ ಬಂದ ಶತ್ರು ಮೇಲಿನವರ ಕಣ್ಣಿಗೆ ಮರೆಯಾಗುತ್ತಾನೆ. ನಕ್ಷತ್ರದ ಚೂಪು ಮೂಲೆಗಳಲ್ಲಿ ಒಂದು ಮೂಲೆಯ ಬುಡವನ್ನು ಪಕ್ಕದ ಮೂಲೆಯಿಂದ ಹೊಡೆಯಬಹುದು. ಒಳಗೆ ಮದ್ದಿನ ಪುಡಿ ಇಡಲು ನೆಲಮಾಳಿಗೆಯ ತಂಪು ಕೋಣೆಗಳಿವೆ. ನಮ್ಮ ನಾಡಿನಲ್ಲಿ ಬಂಕರಿನ ಕಲ್ಪನೆಗೆ ಇದಕ್ಕಿಂತ ಹತ್ತಿರ ಬರುವ ಹಳೆಯ ಕಟ್ಟಡಗಳು ಕಡಿಮೆ.

ಕೋಟೆ 1792ರಲ್ಲಿ ಪೂರ್ಣಗೊಂಡಿತು ಎನ್ನಲಾಗಿದೆ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಏಳು ವರ್ಷಗಳ ನಂತರ, 1799ರ ಮೇ 4ರಂದು, ಉಳಿದ ಅರ್ಧವೂ ಹೋಯಿತು. ಮೊಲೊಟೊವ್ ಸಾಲಿನ ಕಾಂಕ್ರೀಟ್ ಒಣಗುವ ಮೊದಲೇ ಯುದ್ಧ ಬಂದಂತೆ, ಮಂಜರಾಬಾದಿನ ಕಲ್ಲುಗಳು ಹಳತಾಗುವ ಮೊದಲೇ ಅವು ಕಾಯಬೇಕಿದ್ದ ರಾಜ್ಯ ಮುಗಿದಿತ್ತು.

1799ರ ನಂತರ ಮಲೆನಾಡು ಮೈಸೂರು ಸಂಸ್ಥಾನಕ್ಕೆ, ಕರಾವಳಿ ನೇರವಾಗಿ ಕಂಪನಿಗೆ ಸೇರಿತು. ಎರಡೂ ಕಡೆ ಇಂಗ್ಲಿಷರದ್ದೇ ಹಿಡಿತ ಇದ್ದ ಮೇಲೆ ಘಟ್ಟದ ತುದಿಯಲ್ಲಿ ಕಾಯುವುದೇನು? ಬಿಜಾಪುರ ಇರಲಿಲ್ಲ, ಪೋರ್ಚುಗೀಸರ ಭಯ ಇರಲಿಲ್ಲ. ಕೋಟೆಗಳನ್ನು ಯಾರೂ ಕೆಡವಬೇಕಾಗಲಿಲ್ಲ. ಅವು ತಮ್ಮಷ್ಟಕ್ಕೆ ಅನಾವಶ್ಯಕವಾದವು. 1830-31ರ ನಗರದ ರೈತ ದಂಗೆಯಲ್ಲಿ, ಕೆಳದಿ ವಂಶದ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನ ಹೆಸರಿನಲ್ಲಿ ಹಳೆಯ ಕೋಟೆ-ಕಾಡುಗಳಿಗೆ ಮತ್ತೊಮ್ಮೆ ಸ್ವಲ್ಪ ಕಾಲ ಜೀವ ಬಂತು. ಆ ದಂಗೆಯ ಕಾರಣ ಮುಂದಿಟ್ಟು ಇಂಗ್ಲಿಷರು 1831ರಲ್ಲಿ ಮೈಸೂರಿನ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಶಿವಮೊಗ್ಗವನ್ನು ಕೇಂದ್ರವಾಗಿಸಿ 'ನಗರ ವಿಭಾಗ' ಮಾಡಿದರು. ಹೆಸರು ನಗರದ್ದು, ಕಚೇರಿ ಶಿವಮೊಗ್ಗದ್ದು. 19ನೇ ಶತಮಾನದ ಕೊನೆಯಲ್ಲಿ ತಾಲ್ಲೂಕು ಕೇಂದ್ರವೂ ಕಲ್ಲೂರುಕಟ್ಟೆಗೆ ಹೋಗಿ ಅದು ಹೊಸನಗರವಾಯಿತು. ಲಕ್ಷ ಮನೆಗಳ ಊರೆಂಬ ಐತಿಹ್ಯ ಹೊತ್ತ ಬಿದನೂರು ಒಂದು ಹಳ್ಳಿಯಾಗಿ ಉಳಿಯಿತು.

ಉಳಿಸಬೇಕಾದದ್ದು ಯಾವುದನ್ನು?

ನಗರದ ಕೋಟೆ, ಕವಲೇದುರ್ಗ, ಬೇಕಲ ಇವೆಲ್ಲ ಸಂರಕ್ಷಿತ ಸ್ಮಾರಕಗಳು. ಅಕ್ಕ-ತಂಗಿ ಕೊಳವನ್ನು, ದೇವಗಂಗೆಯನ್ನು, ಕವಲೇದುರ್ಗದ ಕಾಶಿ ವಿಶ್ವನಾಥನ ಗುಡಿಯನ್ನು ನೋಡಲು ಜನ ಹೋಗುತ್ತಾರೆ. ಇದು ಸಂತೋಷದ ವಿಷಯ. ಆದರೆ ಮೇಲಿನ ಕಥೆಯಲ್ಲಿ ರಾಜ್ಯದ ಹಣೆಬರಹ ನಿರ್ಧಾರವಾದ ಜಾಗಗಳನ್ನು ಒಮ್ಮೆ ಎಣಿಸಿ ನೋಡಿ: ಕುಂಸಿ, ಉತ್ತರದ ತಡೆಬಾಗಿಲು, ಕಾಡಿನ ಗುಪ್ತ ದಾರಿ, ಹೊಸಂಗಡಿ ಘಟ್ಟದ ಬತೇರಿಗಳು, ಹೈದರ್‌ಗಢ, ಶಿವಮೊಗ್ಗದ ಹೊರಗಿನ ರಣಭೂಮಿ. ಇವುಗಳಲ್ಲಿ ಯಾವುದೂ ನಡುಗೋಟೆಯೊಳಗೆ ಇಲ್ಲ. ಎಲ್ಲವೂ ಹೊರಸಾಲಿನವು. ನಮ್ಮ ಗಮನ ಮಾತ್ರ ನಡುಗೋಟೆಯ ಮೇಲೆ.

ಹೊರಸಾಲಿನ ತೊಂದರೆ ಎಂದರೆ ಅದು ಕಟ್ಟಡದಂತೆ ಕಾಣುವುದಿಲ್ಲ. ಕಾಡಿನಲ್ಲಿ ಒಂದು ಉದ್ದನೆಯ ಅಗಳ, ಜರಿದ ಮಣ್ಣಿನ ದಿಬ್ಬ, ಕಲ್ಲಿನ ಎರಡು ಕಂಬ. ಅಡಿಕೆ ತೋಟದ ಬೇಲಿಗೆಂದು ತೋಡಿದ ಅಗಳ ಯಾವುದು, ಕೋಟೆಯ ಹೊರಸುತ್ತಿನ ಅಗಳ ಯಾವುದು ಎಂದು ಹೇಳುವುದು ತಿಳಿದವರಿಗೂ ಕಷ್ಟ. ರಸ್ತೆ ಅಗಲವಾದಾಗ, ಹೊಸ ತೋಟ ಎದ್ದಾಗ, ಯಾರ ಕೆಟ್ಟ ಉದ್ದೇಶವೂ ಇಲ್ಲದೆ ಇಂಥವು ಅಳಿದುಹೋಗುತ್ತವೆ. ನೆರೆಯ ಕೊಡಗಿನಲ್ಲಿ ಬೆಟ್ಟ-ಬಯಲುಗಳನ್ನು ದಾಟಿ ಮೈಲಿಗಟ್ಟಲೆ ಹರಿಯುವ 'ಕಡಂಗ'ಗಳೆಂಬ ಯುದ್ಧದ ಕಂದಕಗಳಿವೆ. ಬ್ರಿಟಿಷರ ಕಾಲದ ಗೆಜೆಟಿಯರ್‌ಗಳು ಅವುಗಳ ಬಗ್ಗೆ ಬೆರಗಿನಿಂದ ಬರೆದಿವೆ. ಅಲ್ಲಿ ಕಡಂಗ ಎಂಬ ಹೆಸರು ಊರ ಹೆಸರಾಗಿ, ಜಮೀನಿನ ಗುರುತಾಗಿ ಜನರ ಬಾಯಲ್ಲಿ ಉಳಿದಿರುವುದರಿಂದ ಗುರುತಿಸುವುದು ಸ್ವಲ್ಪ ಸುಲಭ. ಮಲೆನಾಡಿನಲ್ಲೂ ಇದೇ ದಾರಿ ಹಿಡಿಯಬಹುದು. ಉಕ್ಕಡ, ಬತೇರಿ, ಕೋಟೆಗದ್ದೆ, ದಿಡ್ಡಿಬಾಗಿಲು ಇಂಥ ಹೆಸರುಗಳು ಗ್ರಾಮದ ನಕ್ಷೆಯಲ್ಲಿ, ಹಿರಿಯರ ಮಾತಿನಲ್ಲಿ ಎಲ್ಲೆಲ್ಲಿ ಬರುತ್ತವೆ ಎಂದು ಪಟ್ಟಿ ಮಾಡಿದರೆ ಅಳಿದ ಸಾಲಿನ ಬಹುಭಾಗ ಕಾಗದದ ಮೇಲಾದರೂ ಮತ್ತೆ ಎದ್ದು ನಿಂತೀತು. ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳು, ಊರಿನ ಹಿರಿಯರು ಮನಸ್ಸು ಮಾಡಿದರೆ ಸಾಕು. ಆ ಹಿರಿಯರ ಸಂಖ್ಯೆ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಬೆಲಾರೂಸಿನ ಮಿನ್‌ಸ್ಕ್ ನಗರದ ಹೊರಗೆ ಸ್ಟಾಲಿನ್ ಸಾಲಿನ ಕೆಲವು ಬಂಕರ್‌ಗಳನ್ನು 2005ರಲ್ಲಿ ದುರಸ್ತಿ ಮಾಡಿ ಬಯಲು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಯುದ್ಧದಲ್ಲಿ ಪ್ರಯೋಜನಕ್ಕೆ ಬಾರದ ಸಾಲದು. ಸೋತ ಕೋಟೆಯನ್ನೇಕೆ ಉಳಿಸಬೇಕು ಎಂಬ ಪ್ರಶ್ನೆ ಏಳಬಹುದು. ಗೆದ್ದ ಕೋಟೆ ಕಟ್ಟಿದವನ ಹೆಮ್ಮೆಯನ್ನು ಮಾತ್ರ ಹೇಳುತ್ತದೆ. ಸೋತ ಕೋಟೆ ಹೇಳುವುದು ಹೆಚ್ಚು. ಕುಂಸಿಯಲ್ಲಿ ಒಬ್ಬ ಮಂತ್ರಿಯನ್ನು ಸೆರೆಯಲ್ಲಿಟ್ಟ ಅರಮನೆಗೆ, ಹೆದರಿಕೆಯಲ್ಲಿ ಬದುಕಿದ ಅಯಾಜನನ್ನು ಬಾಗಿಲು ಕಾಯಲು ಬಿಟ್ಟ ಅರಸೊತ್ತಿಗೆಗೆ ಎಂಟು ಮೈಲಿ ಸುತ್ತಳತೆಯ ಕಾವಲೂ ಸಾಲಲಿಲ್ಲ. ಶಿವಮೊಗ್ಗದಿಂದ ಸಾಗರದ ಬಸ್ಸು ಹತ್ತಿದವರು ಕುಂಸಿ ಬಂದಾಗ ಇದನ್ನು ಒಮ್ಮೆ ನೆನೆದರೂ ಸಾಕು.